ಶಿರೀನಳ ಬಾಗಿಲಿಗೆ ನನ್ನ ಕಮಲ

ನಿನ್ನೆ ನಮ್ಮ ವಡಾಲದ ಮನೆಯ ಚಪ್ಪಲಿ ಸ್ಟ್ಯಾಂಡನ್ನು ಗುಜರಿಯವನು ಹೊತ್ತುಕೊಂಡು ಹೋದ. ಇವತ್ತು ಬೆಳಿಗ್ಗೆ ರಂಗೋಲಿ ಡಬ್ಬಿ ಹಿಡಿದು ಕೂತರೆ ಹೊಸಿಲ ಎಡಗಡೆ ಬೋಳುಬೋಳು. ಆ ದರಿದ್ರ ಸ್ಟ್ಯಾಂಡಿನಿಂದಾಗಿ ಇಷ್ಟು ವರ್ಷ ನನ್ನ ಎಂಟೆಸಳಿನ ಕಮಲಕ್ಕೆ ಎಡಗಡೆಯ ಎಸಳೇ ಇರಲಿಲ್ಲ. ಖಾಲಿ ಜಾಗ ನೋಡಿದ್ದೇ ಶಿರೀನ್ ನೆನಪಾದಳು. ಜೊತೆಗೆ ಹಳೆಯ ಹೊಟ್ಟೆಯುರಿಯೂ.

ಎಂಬತ್ತರ ದಶಕದಲ್ಲಿ ಅವಳು ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಗೆ ಬಾಡಿಗೆಗೆ ಬಂದಳು. ಇರಾನಿನವಳು, ಚಿತ್ರ ಬರೆಯುವವಳು. ಅವಳು ಬರೆದದ್ದು ಅಲ್ಲಿ ಹೊಸದಾಗಿ ಬಂದ ಆಳುವವರಿಗೆ ಆಗಿಬರಲಿಲ್ಲವಂತೆ, ಊರು ಬಿಡಬೇಕಾಯಿತಂತೆ. ಅಯ್ಯೋ ಪಾಪ ಅನ್ನಬೇಕು ತಾನೇ? ಅಂದೆ. ಸಾರು ಮಾಡಿ ಕಳಿಸಿದೆ ಕೂಡ. ಆಮೇಲೆ ನಮ್ಮವರು ಮೇಲೆ ಹೋಗಿ ಅವಳ ಚಿತ್ರ ನೋಡಿ ಬಂದರು ನೋಡಿ, ಅಲ್ಲಿಂದ ಶುರು. ಊಟಕ್ಕೆ ಕೂತರೂ ಅವಳ ನೀಲಿ ಬಣ್ಣದ್ದೇ ಮಾತು. ಮೈಸೂರಿನಲ್ಲಿ ನಾನೂ ಚಿತ್ರ ಕಲಿತವಳೇ. ಮದುವೆಯಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಹೊಸಿಲ ಮುಂದಿನ ಈ ಚೂರು ಜಾಗ. ದಿನಾ ಅದನ್ನು ದಾಟಿಕೊಂಡು ಲೋಕಲ್ ರೈಲು ಹಿಡಿಯಲು ಓಡುವ ಈ ಮಹಾನುಭಾವರು ಒಂದು ದಿನ ತಲೆ ಬಗ್ಗಿಸಿ ನೋಡಿದವರಲ್ಲ. ಅವಳು ಕಳೆದುಕೊಂಡ ಊರಿನ ಮೇಲೂ ಹೊಟ್ಟೆಕಿಚ್ಚುಪಟ್ಟೆ ಎಂದರೆ ನೀವು ನಗುತ್ತೀರಿ. ಬರೆಯಲು ಅವಳಿಗೆ ಅದಾದರೂ ಇತ್ತಲ್ಲ.

ಬೆಳಿಗ್ಗೆ ಹಾಲಿಗೆ ಇಳಿಯುವಾಗ ಅವಳು ಮೆಟ್ಟಿಲ ಮೇಲೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬೇಕೆಂದೇ ಬೆನ್ನು ತಿರುಗಿಸುತ್ತಿದ್ದೆ.

ಕಡೆಗೆ ಫೋರ್ಟ್ ಕಡೆಯ ಒಂದು ಗ್ಯಾಲರಿಯಲ್ಲಿ ಅವಳ ಚಿತ್ರಗಳ ಪ್ರದರ್ಶನ ಏರ್ಪಾಡಾಯಿತು. ಮುಖ ಊದಿಸಿಕೊಂಡೇ ಹೋದೆ. ಜನ ಮುತ್ತಿಕೊಂಡಿದ್ದ ಚಿತ್ರದಲ್ಲಿ ಅವಳು ಬಿಟ್ಟುಬಂದ ಮನೆಯ ನೀಲಿ ಬಾಗಿಲಿತ್ತು. ಅದರ ಮುಂದೆ ಒಂದು ಬಿಳಿ ಕಮಲ. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ನನ್ನ ಸೆರಗು ಜಗ್ಗಿದರು.

"ಇದು ನಮ್ಮ ಬಾಗಿಲಿಂದಲ್ವೇನೇ? ನೋಡು, ಎಡಗಡೆ ಎಸಳಿಲ್ಲ."

ಅಂದರೆ ಈ ಮನುಷ್ಯ ನೋಡಿದ್ದರು! ದಿನಾ ನೋಡಿಕೊಂಡೇ ದಾಟಿದ್ದರು. ಕಣ್ಣಲ್ಲಿ ನೀರು ಬಂದದ್ದು ತಿಳಿಯಬಾರದೆಂದು ನಾನು ಶಿರೀನಳ ಕಡೆ ತಿರುಗಿ, ನಿನ್ನ ಬಾಗಿಲ ಮುಂದೆ ಅಷ್ಟೊಂದು ಜಾಗವಿತ್ತಲ್ಲ, ಆ ಎಸಳನ್ನೇಕೆ ಬಿಟ್ಟೆ ಎಂದು ಕೇಳಿದೆ.

ಅವಳು ತನ್ನ ಮುರುಕು ಹಿಂದಿಯಲ್ಲಿ ನನ್ನನ್ನೇ ಕೇಳಿದಳು. "ಅದು ಮನೆಗೆ ವಾಪಸ್ ಬರುವವರಿಗೆ ಬಿಟ್ಟ ದಾರಿ, ಅಲ್ವಾ?"

ಚಪ್ಪಲಿ ಸ್ಟ್ಯಾಂಡಿನ ವಿಷಯ ನುಂಗಿಕೊಂಡೆ. ಹೌದು ಅಂದೆ. ಇಂಥದ್ದು ನನಗೇಕೆ ಹೊಳೆಯಲಿಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು, ಆ ಮಾತು ಬೇರೆ. ಮುಂದೆ ಅವಳು ಇನ್ಯಾವುದೋ ದೇಶಕ್ಕೆ ಹೋದಳು. ತನ್ನ ಊರಿಗಂತೂ ಅಲ್ಲ.

ಇವತ್ತು ಎಂಟನೆಯ ಎಸಳಿಗೆ ಬೇಕಾದಷ್ಟು ಜಾಗವಿತ್ತು. ಆದರೂ ಏಳೇ ಎಸಳು ಬರೆದು ಡಬ್ಬಿ ಮುಚ್ಚಿಟ್ಟೆ. ಹಾಲು ತಂದ ನಮ್ಮವರು ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಎಡಗಡೆಯ ಆ ಖಾಲಿ ಜಾಗದಲ್ಲಿ ಕಾಲಿಟ್ಟು ಒಳಗೆ ಬಂದರು.