ನಮ್ಮ ಮನೆಯ ಎಮರ್ಜೆನ್ಸಿ

ಜೂನ್ ತಿಂಗಳು ಬಂತೆಂದರೆ ನಮ್ಮ ಯಜಮಾನರಿಗೆ ಒಂದು ಶಾಲು ಗ್ಯಾರಂಟಿ. ಎಮರ್ಜೆನ್ಸಿಯಲ್ಲಿ ಕಷ್ಟಪಟ್ಟ ಹಿರಿಯರು ಎಂದು ಶಿವಮೊಗ್ಗದಲ್ಲಿ ಯಾರಾದರೊಬ್ಬರು ಕರೆದು ಹೊದಿಸುತ್ತಾರೆ. ಬೀರುವಿನ ಒಂದು ಅರೆ ತುಂಬ ಶಾಲುಗಳೇ ಇವೆ. ನುಸಿ ಹಿಡಿಯದಂತೆ ಕಾಪಾಡುವ ಕೆಲಸ ನನ್ನದು.

ಆ ಕಷ್ಟ ಏನೆಂದು ನನಗೆ ಗೊತ್ತು. ಆಗ ನಾವು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಹೊಸದಾಗಿ ಮದುವೆಯಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು. ನಮ್ಮ ಸಾಲಿನಲ್ಲಿ ಕನ್ನಡ ಓದಲು ಬರುತ್ತಿದ್ದ ಹೆಂಗಸು ನಾನೊಬ್ಬಳೇ. ಅಕ್ಕಪಕ್ಕದವರು ತಮಿಳಿನವರು, ತೆಲುಗಿನವರು. ಮಧ್ಯಾಹ್ನದ ಸೈರನ್ ಆಗಿ ಗಂಡಸರು ಶಿಫ್ಟಿಗೆ ಹೋದ ಮೇಲೆ ಎಲ್ಲರೂ ನಮ್ಮ ಮನೆ ಮುಂದಿನ ಕಟ್ಟೆಗೆ ಬರುತ್ತಿದ್ದರು. ಒಬ್ಬಳು ಅಕ್ಕಿ ಆರಿಸುತ್ತ, ಇನ್ನೊಬ್ಬಳು ಮಗುವನ್ನು ತಟ್ಟಿ ಮಲಗಿಸುತ್ತ ಕೂರುವರು. ನಾನು ಪೇಪರ್ ಓದಿ ಹೇಳುತ್ತಿದ್ದೆ. ಬರೀ ಓದುವುದಲ್ಲ, ಮಂತ್ರಿಗಳ ಧಾಟಿಯಲ್ಲಿ ಓದಿ ನಗಿಸುತ್ತಿದ್ದೆ, ಬೆಲೆ ಏರಿದ ಸುದ್ದಿ ಬಂದರೆ ಅಲ್ಲೇ ನಿಲ್ಲಿಸಿ ಬೈಯುತ್ತಿದ್ದೆ. ನನಗೊಂದು ದನಿಯಿದೆ, ಅದನ್ನು ನಾಲ್ಕು ಜನ ಕೇಳುತ್ತಾರೆ ಎಂದು ತಿಳಿದಿದ್ದೇ ಆ ಕಟ್ಟೆಯ ಮೇಲೆ. ಅಷ್ಟು ಸುಖವಾಗಿ ನಾನು ಮತ್ತೆಂದೂ ಇರಲಿಲ್ಲ.

ಎಮರ್ಜೆನ್ಸಿ ಬಂತು. ಮೊದಮೊದಲು ಪೇಪರಿನಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಿಟ್ಟಿರುತ್ತಿದ್ದರು. ಪಕ್ಕದ ಮನೆಯ ತಮಿಳು ಹೆಂಗಸು ಅಲ್ಲಿ ಬೆರಳಿಟ್ಟು, "ಇಲ್ಲಿ ಏನಕ್ಕಾ?" ಎಂದಳು.

"ಏನೂ ಇಲ್ಲ ಮಾರಾಯ್ತಿ. ಬರೆಯೋಕೆ ಬಿಟ್ಟಿಲ್ಲ," ಎಂದೆ.

ಆಮೇಲೆ ಖಾಲಿ ಜಾಗವೂ ಹೋಗಿ ಪುಟ ತುಂಬ ಹೊಗಳಿಕೆ ಬಂತು. ಜನಕ್ಕೆ ಅದೂ ಹಿಡಿಸಿತು. ರೈಲು ಟೈಮಿಗೆ ಬರುತ್ತದೆ, ಆಫೀಸಿನಲ್ಲಿ ಗುಮಾಸ್ತರು ಕುರ್ಚಿಯಲ್ಲಿ ಸಿಗುತ್ತಾರೆ, ಮತ್ತೇನು ಬೇಕು ಎಂದರು. ಆ "ಮತ್ತೇನು ಬೇಕು" ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎನ್ನುತ್ತಾರಲ್ಲ, ಹಾಗಾಯಿತು. ದಿಲ್ಲಿಯಲ್ಲಿ ಚುನಾವಣೆ ಮುಂದೆ ಹೋಯಿತು. ಇಲ್ಲಿ ಯೂನಿಯನ್ ಚುನಾವಣೆಯೂ ಹೋಯಿತು. ಸಕ್ಕರೆಯಲ್ಲಿ ಇಷ್ಟೊಂದು ಇರುವೆ ಯಾಕೆ ಎಂದು ಕೇಳಿದರೆ ರೇಷನ್ ಅಂಗಡಿಯವನು "ಎಮರ್ಜೆನ್ಸಿ ಕಣಮ್ಮ, ಸುಮ್ನಿರಿ" ಎನ್ನುವನು. ಸ್ಕೂಲಿನ ಹೆಡ್ಮಾಸ್ತರಿಗೂ ನಲ್ಲಿ ನೀರು ಬಿಡುವವನಿಗೂ ಅದೇ ಮಾತು ಸಿಕ್ಕಿತ್ತು. ಪ್ರತಿಯೊಬ್ಬನೂ ತನ್ನ ಕೈಲಾದಷ್ಟು ಸರ್ಕಾರವಾಗಿದ್ದ.

ಪಕ್ಕದ ಮನೆಯವಳ ಗಂಡ ಯೂನಿಯನ್ನಿನವನು. ಅವನನ್ನು ಕಾರ್ಖಾನೆಯ ಗೇಟಿನಲ್ಲೇ ಪೊಲೀಸರು ಹಿಡಿದುಕೊಂಡು ಹೋದರು. ಯಾಕೆ, ಎಲ್ಲಿಗೆ, ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಕೋರ್ಟಿಗೆ ಹೋಗಿ ಕೇಳಿದರೂ ಉತ್ತರ ಸಿಗುವ ಕಾಲವಾಗಿರಲಿಲ್ಲ. ಅವನ ನೆರೆಯವರೆಂದು ನಮ್ಮ ಯಜಮಾನರನ್ನೂ ಸ್ಟೇಷನ್ನಿಗೆ ಕರೆಸಿದರು. ಒಂದು ಮಧ್ಯಾಹ್ನ ಬೆಂಚಿನ ಮೇಲೆ ಕೂರಿಸಿ, ಗದರಿಸಿ ಕಳಿಸಿದರು. ಮನೆಗೆ ಬಂದವರೇ ಹಗಲಲ್ಲೇ ಬಾಗಿಲಿಗೆ ಚಿಲಕ ಹಾಕಿದರು. ಆ ಭಯ ನಿಜ, ಅದನ್ನು ನಾನು ಸುಳ್ಳೆನ್ನುವುದಿಲ್ಲ.

"ನಿನ್ನ ಪುರಾಣ ಇವತ್ತಿಗೆ ನಿಲ್ಬೇಕು," ಎಂದರು. "ಕಟ್ಟೆ ಮೇಲೆ ಹೆಂಗಸರನ್ನ ಸೇರಿಸ್ಕೊಂಡು ಮೀಟಿಂಗ್ ಮಾಡ್ತಾಳೆ ಅಂತ ಸ್ಟೇಷನ್ನಲ್ಲೂ ಗೊತ್ತಾಗಿದೆ."

ನಿಲ್ಲಿಸಿದೆ. ನಿಲ್ಲಿಸದೆ ಇನ್ನೇನು, ನಾಳೆ ಇವರನ್ನೂ ಕರೆದುಕೊಂಡು ಹೋದರೆ?

ಕೆಲವು ದಿನ ಕಳೆದು ಪಕ್ಕದ ಮನೆಯವಳು ಬಾಗಿಲಿಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು. "ಅಕ್ಕಾ, ನಮ್ಮವರ ಸುದ್ದಿ ಪೇಪರಲ್ಲಿ ಬಂದಿದೆಯಾ? ಸ್ವಲ್ಪ ಓದಿ ಸೊಲ್ಲಕ್ಕಾ," ಎಂದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಒಳಗಿನಿಂದ ಬಂದರು. ಓದುತ್ತಿದ್ದ ಪೇಪರನ್ನು ಮಡಿಸಿ ಬೆನ್ನ ಹಿಂದೆ ಹಿಡಿದಿದ್ದರು.

"ಪೇಪರ್ ನಿಲ್ಲಿಸಿದ್ದೀವಮ್ಮ," ಎಂದರು.

ಅವರ ಮೊಣಕೈ ಪಕ್ಕದಲ್ಲಿ ಇಣುಕುತ್ತಿದ್ದ ಹಾಳೆಯನ್ನು ಅವಳು ನೋಡಿದಳು. ನನ್ನನ್ನೂ ನೋಡಿದಳು. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಕೊನೆಗೊಮ್ಮೆ ಚುನಾವಣೆ ನಡೆಯಿತು. ಸರ್ಕಾರ ಬಿತ್ತು, ಎಮರ್ಜೆನ್ಸಿ ತೆಗೆದರು. ಅವಳ ಗಂಡ ಜೈಲಿನಿಂದ ಅರ್ಧ ಆಳಾಗಿ ಬಂದ. ಪೇಪರಿನವರು ಮತ್ತೆ ಬರೆಯತೊಡಗಿದರು, ಕೋರ್ಟಿಗೂ ಜೀವ ಬಂತು. ನಾನೂ ಪೇಪರ್ ಹಿಡಿದು ಕಟ್ಟೆಗೆ ಹೋಗಿ ಕೂತೆ. ಎರಡು ಸಾಲು ಓದಿರಲಿಲ್ಲ, ಯಜಮಾನರು ಬಾಗಿಲಿಗೆ ಬಂದು "ಒಳಗೆ ಬಾ" ಎಂದರು.

"ಎಮರ್ಜೆನ್ಸಿ ಹೋಯ್ತಲ್ರೀ," ಎಂದೆ.

"ಹೋಯ್ತು. ಮತ್ತೆ ಬರಲ್ಲ ಅಂತ ನಿಂಗೆ ಯಾರಾದ್ರೂ ಬರೆದು ಕೊಟ್ಟಿದ್ದಾರಾ?"

ಮೊದಲ ಸಲ ಅವರ ಬಾಯಲ್ಲಿ ಮಾತಾಡಿದ್ದು ಭಯ. ಈ ಸಲ ಭಯವಿರಲಿಲ್ಲ. ಹೆಂಡತಿ ಸುಮ್ಮನಿರುವ ಮನೆಯ ರುಚಿ ಹತ್ತಿತ್ತು. ಅವರು ಕೈ ಎತ್ತುವವರಲ್ಲ, ಸಂಜೆ ಬರುವಾಗ ಮಲ್ಲಿಗೆ ತರುತ್ತಿದ್ದರು. ಆದರೆ ಪೇಪರ್ ನನ್ನ ಕೈಗೆ ಬರುವಷ್ಟರಲ್ಲಿ ಹಳತಾಗಿರುತ್ತಿತ್ತು, ನನ್ನ ವೋಟು ಯಾರಿಗೆಂದು ಹಿಂದಿನ ದಿನವೇ ತೀರ್ಮಾನವಾಗಿರುತ್ತಿತ್ತು. ದೇಶ ಎರಡು ವರ್ಷ ತುಂಬುವುದರೊಳಗೆ ಬಿಡಿಸಿಕೊಂಡಿತು. ನಮ್ಮ ಮನೆಯ ಸರ್ಕಾರ ಬೀಳಿಸಲು ಚುನಾವಣೆ ಎಲ್ಲಿತ್ತು?

ರಿಟೈರಾದ ಮೇಲೆ ಶಿವಮೊಗ್ಗಕ್ಕೆ ಬಂದೆವು. ಈ ವರ್ಷದ ಸಭೆ ಕೋಟೆ ಕಡೆಯ ಒಂದು ಸಭಾಭವನದಲ್ಲಿತ್ತು. ಕಣ್ಣಿನ ಪೊರೆಯ ಆಪರೇಷನ್ನಾಗಿ ಯಜಮಾನರಿಗೆ ದೃಷ್ಟಿ ಇನ್ನೂ ನೆಟ್ಟಗಾಗಿಲ್ಲ, ಹಾಗಾಗಿ ಅವರನ್ನು ಮೆಟ್ಟಿಲು ಹತ್ತಿಸಿ ನಾನೂ ವೇದಿಕೆಯ ಮೂಲೆಯಲ್ಲಿ ಕೂತೆ. ಸಭೆ ಏರ್ಪಡಿಸಿದ್ದ ಯುವಕ ಬಂದು ಅವರ ಕಿವಿಯ ಹತ್ತಿರ ಬಗ್ಗಿದ. "ಸರ್, ಎಪ್ಪತ್ತೈದರದ್ದು ಎಷ್ಟು ಬೇಕಾದ್ರೂ ಹೇಳಿ. ಈಗಿನ ವಿಷಯ ಮಾತ್ರ ಬೇಡ. ಪೊಲೀಸ್ ಪರ್ಮಿಷನ್ ಸಿಕ್ಕಿರೋದು ಅಷ್ಟಕ್ಕೇ." ಯಜಮಾನರು ತಲೆಯಾಡಿಸಿದರು. ನನಗೆ ನಗು ಬಂತು, ನುಂಗಿಕೊಂಡೆ.

ಆ ಬೆಂಚಿನ ಮಧ್ಯಾಹ್ನ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಈ ಸಲ ಅದಕ್ಕೊಂದು ರಾತ್ರಿ, ಒಂದು ಲಾಠಿ ಸೇರಿತ್ತು. ನಿಜಕ್ಕೂ ಜೈಲು ಕಂಡವನು ತಮಿಳುನಾಡಿನ ತನ್ನ ಊರಲ್ಲಿ ಎಂದೋ ತೀರಿಕೊಂಡ. ಅವನ ಹೆಂಡತಿಗೆ ಯಾರೂ ಶಾಲು ಹೊದಿಸಿಲ್ಲ. "ಪತ್ರಿಕೆಗಳ ಬಾಯಿ ಕಟ್ಟಿದರು, ಕೋರ್ಟಿನ ಬಾಯಿ ಕಟ್ಟಿದರು, ಪಾರ್ಲಿಮೆಂಟಿನ ಬಾಯಿ ಕಟ್ಟಿದರು," ಎಂದು ಯಜಮಾನರು ದನಿ ಏರಿಸಿದರು. ಜನ ಚಪ್ಪಾಳೆ ಹೊಡೆದರು. ಆ ಯುವಕ ಇನ್ನೊಂದು ಮೈಕನ್ನು ನನ್ನ ಕಡೆ ಚಾಚಿ, "ಅಮ್ಮ, ನೀವೂ ಎರಡು ಮಾತು ಹೇಳಿ," ಎಂದ.

ನಾನು ಎದ್ದೇಬಿಟ್ಟೆ. ಕೈಯನ್ನೂ ಚಾಚಿದ್ದೆ.

"ಅವಳಿಗೆ ಮಾತಾಡಿ ಅಭ್ಯಾಸ ಇಲ್ಲಪ್ಪ, ಬಿಡಿ," ಎಂದರು ಯಜಮಾನರು, ಮೈಕಿನಲ್ಲೇ. ಸಭೆ ಪ್ರೀತಿಯಿಂದ ನಕ್ಕಿತು. ನಾನು ಕೂತೆ.

ಮರುದಿನ ಬೆಳಿಗ್ಗೆ ಪೇಪರ್ ಬಾಗಿಲಿಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ತಂದು ಬಿಚ್ಚಿದೆ. ಒಳಪುಟದಲ್ಲಿ ಶಾಲು ಹೊದ್ದ ಅವರ ಫೋಟೋ, ಕೆಳಗೆ ಭಾಷಣದ ವರದಿ.

"ಬಂದಿದೆಯಾ?" ಎಂದರು, ಕುರ್ಚಿಗೆ ಒರಗಿ. "ನಂಗೆ ಅಕ್ಷರ ಕಾಣಲ್ಲ. ಸ್ವಲ್ಪ ಜೋರಾಗಿ ಓದು, ಕೇಳೋಣ."

ಇಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಓದು ಎಂದಿದ್ದರು. ಒಂದು ಕ್ಷಣ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ. ಪೇಪರನ್ನು ಮಡಿಸಿ ಬೆನ್ನ ಹಿಂದೆ ಹಿಡಿದುಕೊಂಡೆ.

"ಪೇಪರ್ ನಿಲ್ಲಿಸಿದ್ದೀವಿ, ರೀ," ಎಂದೆ.