ಮ್ಯಾನೇಜರಕ್ಕನ ಐದು ವಿಳಾಸ

ನನ್ನ ಜೆರಾಕ್ಸ್ ಅಂಗಡಿಗೂ ಹೊಲಿಗೆ ಯಂತ್ರ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಸುತ್ತಿಗೆ ಬಿದ್ದರೆ ಈ ಕಡೆ ನನ್ನ ಕಾಗದದ ಕಟ್ಟು ಅದುರುತ್ತದೆ. ರಿಪೇರಿ ಮಾಡುವವರನ್ನು ಬೀದಿಯವರೆಲ್ಲ ಮಷೀನ್ ಮಾವ ಎನ್ನುತ್ತಾರೆ. ಅವರ ಹೆಂಡತಿಗೆ ಮ್ಯಾನೇಜರಕ್ಕ ಎಂದು ಹೆಸರಿಟ್ಟವಳು ನಾನೇ. ಹತ್ತಡಿ ಅಗಲದ ಅಂಗಡಿ, ಒಂದು ಬೆಂಚು, ಎರಡು ಸ್ಟೂಲು, ನೆಲದ ತುಂಬ ಬಿಚ್ಚಿ ಹಾಕಿದ ಯಂತ್ರಗಳು. ಅದಕ್ಕೊಬ್ಬರು ಮ್ಯಾನೇಜರು!

ಆರು ವರ್ಷದ ಹಿಂದೆ, ಅಂಗಡಿಯ ಹೆಸರಲ್ಲೇ ಇಮೇಲ್ ವಿಳಾಸ ಬೇಕೆಂದು ಅಕ್ಕ ನನ್ನ ಪ್ರಾಣ ತಿಂದರು. ಮಾವನ ಸ್ವಂತ ವಿಳಾಸ ನೋಡಿ ಬಟ್ಟೆ ಕಾರ್ಖಾನೆಯವರು ಮೂಗು ಮುರಿಯುತ್ತಾರಂತೆ. ಸರಿ, ಅಂಗಡಿಯ ಹೆಸರಿಗೊಂದು ಡೊಮೈನ್ ತೆಗೆಸಿಕೊಟ್ಟೆ. ಆ ಹೆಸರಿಗೆ ಯಾರು ಏನು ಬರೆದರೂ ಬಂದು ಬೀಳುವುದು ಮಾವನ ಫೋನಿನಲ್ಲಿದ್ದ ಹಳೆಯ ಇಮೇಲ್ ಪೆಟ್ಟಿಗೆಗೇ. ಅಂಗಡಿಯ ಹೆಸರಿನ ಮುಂದೆ ಯಾವ ಪದ ಬೇಕಾದರೂ ಇಟ್ಟುಕೊಳ್ಳಬಹುದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ತಗೋ, ಅಕ್ಕನಿಗೆ ರೆಕ್ಕೆ ಮೂಡಿತು. ಆಫೀಸು, ರಿಪೇರಿ, ಬಿಡಿಭಾಗ, ದೂರು ಎಂದು ನಾಲ್ಕು ವಿಳಾಸ ಮಾಡಿಸಿಕೊಂಡರು.

ನಾಲ್ಕರಿಂದಲೂ ಬರೆಯುವವರು ಅಕ್ಕ ಒಬ್ಬರೇ. ದೂರು ವಿಭಾಗದಿಂದ ಬರೆಯುವಾಗ ಬೆಣ್ಣೆಯಂಥ ಮಾತು, ಬಿಡಿಭಾಗದಿಂದ ಬರೆಯುವಾಗ ಬಿಗುಮಾನ. ಒಮ್ಮೆ ಒಬ್ಬ ಗಿರಾಕಿ, ನಿಮ್ಮ ದೂರು ವಿಭಾಗದ ಹೆಂಗಸು ಎಷ್ಟು ಒಳ್ಳೆಯವರು, ಬಿಡಿಭಾಗದವಳಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಆಫೀಸಿಗೆ ಬರೆದ. ಅಕ್ಕ ಆಫೀಸಿನ ಪರವಾಗಿ ಕ್ಷಮೆ ಕೇಳಿ, ಅವಳಿಗೆ ಚೆನ್ನಾಗಿ ಉಗಿದಿದ್ದೇವೆ ಎಂದು ಉತ್ತರಿಸಿದರು. ಆವತ್ತು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಐದನೆಯ ವಿಳಾಸದ ಹೆಸರು 'ಅಮ್ಮ'. ಅದನ್ನು ನಗುತ್ತ ಮಾಡಿಸಿದ್ದಲ್ಲ.

ಅವರಿಗೆ ಒಬ್ಬಳೇ ಮಗಳು, ಬೆಂಚಿನ ಕೆಳಗೆ ಆಡಿಕೊಂಡೇ ಬೆಳೆದವಳು. ಓದು ಮುಗಿದ ಮೇಲೆ ಅಪ್ಪನ ಪಕ್ಕ ಕೂತು ರಿಪೇರಿ ಕೆಲಸ ಮಾಡುತ್ತೇನೆ ಎಂದಳು. ಮಾವ ಸುತರಾಂ ಒಪ್ಪಲಿಲ್ಲ. "ಹೆಣ್ಮಗಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ನಾನು ಜನರ ಹತ್ರ ಅನ್ನಿಸ್ಕೋಬೇಕಾ?" ಎಂದು ಗಿರಾಕಿಗಳ ಎದುರೇ ಅವಳ ಕೈಯಿಂದ ಕಿತ್ತುಕೊಂಡರು. ಮಾತಿಗೆ ಮಾತು ಬೆಳೆಯಿತು. ಮಗಳು ಬ್ಯಾಗು ಹಿಡಿದು ಬೇರೆ ಊರಿಗೆ ಹೊರಟಳು. ಅಕ್ಕ ಆ ಐದನೆಯ ವಿಳಾಸವನ್ನು ಚೀಟಿಯಲ್ಲಿ ಬರೆದು ಬ್ಯಾಗಿನೊಳಗೆ ತುರುಕಿದರು. ಮಗಳು ಫೋನ್ ನಂಬರು ಕೊಡಲಿಲ್ಲ, ಇರುವ ಜಾಗ ಹೇಳಲಿಲ್ಲ, ಹದಿನೈದು ದಿನಕ್ಕೊಮ್ಮೆ ಅಮ್ಮನಿಗೆ ಬರೆಯುತ್ತಿದ್ದಳು ಅಷ್ಟೆ. ಅಪ್ಪನ ವಿಳಾಸದಿಂದ ಏನು ಬಂದರೂ ತಾನಾಗಿ ಕಸಕ್ಕೆ ಹೋಗುವಂತೆ ಮಾಡಿಟ್ಟಿದ್ದಳು. ಆ ವಿಷಯ ಅಕ್ಕ ನನ್ನೊಬ್ಬಳಿಗೇ ಹೇಳಿದ್ದರು. ಮಾವನಿಗೆ ಗೊತ್ತಾದರೆ ಎದೆಯೊಡೆದುಕೊಳ್ಳುತ್ತಾರೆ ಎಂದು ಮುಚ್ಚಿಟ್ಟಿದ್ದರು.

ಆದರೆ ಪೆಟ್ಟಿಗೆ ಮಾವನದೇ ತಾನೆ? ಹಾಗಾಗಿ 'ಅಮ್ಮ' ಎಂದು ಬಂದದ್ದೆಲ್ಲ ಬೇರೆ ಫೋಲ್ಡರಿಗೆ ಹೋಗುವಂತೆ ನಾನು ಮಾಡಿಕೊಟ್ಟೆ. "ಅದಕ್ಕೆ ಕೈ ಹಾಕಿದ್ರೆ ನನ್ನಾಣೆ" ಎಂದು ಅಕ್ಕ ಗಂಡನಿಂದ ಮಾತು ತೆಗೆದುಕೊಂಡರು. ಮಾವ ಅದನ್ನು ಉಳಿಸಿಕೊಳ್ಳುತ್ತಾರೆ ಎಂದು ನನಗೆ ನಂಬಿಕೆ ಇರಲಿಲ್ಲ. ಉಳಿಸಿಕೊಂಡರು. ಫೋಲ್ಡರಿನ ಮೇಲೆ ಒಂದು ಎಂಬ ಅಂಕಿ ಕಂಡ ಕೂಡಲೇ ಫೋನನ್ನು ಹೆಂಡತಿಯ ಕೈಗಿತ್ತು, ಎಣ್ಣೆ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಬೀದಿಗೆ ಹೋಗಿ ನಿಲ್ಲುತ್ತಿದ್ದರು. ಅಕ್ಕ ಓದಿ ಮುಗಿಸುವವರೆಗೂ ಒಳಗೆ ಬರುತ್ತಿರಲಿಲ್ಲ. "ಚೆನ್ನಾಗಿದಾಳಂತೆ" ಎಂದು ಅಕ್ಕ ಹೇಳಿದರೆ ತಲೆಯಾಡಿಸಿ ಮತ್ತೆ ಕೆಲಸಕ್ಕೆ ಕೂರುತ್ತಿದ್ದರು.

ಇಲ್ಲೊಂದು ವಿಷಯ ಹೇಳಬೇಕು. ಬಂದ ಕಾಗದಕ್ಕೆ ಉತ್ತರ ಕೊಟ್ಟರೆ, ಅದು ಯಾವ ವಿಳಾಸಕ್ಕೆ ಬಂದಿತ್ತೋ ಅದೇ ವಿಳಾಸದಿಂದ ಹೋಗುತ್ತದೆ. ಹೊಸದಾಗಿ ಬರೆದರೆ ಮಾತ್ರ ಮಾವನ ಸ್ವಂತ ಹೆಸರಲ್ಲಿ ಹೋಗುತ್ತದೆ. ಬೇಡವೆಂದರೆ 'ಕಳಿಸುವವರು' ಎಂಬ ಮೇಲಿನ ಸಾಲಿನಲ್ಲಿ ಬದಲಾಯಿಸಬೇಕು. ಇದನ್ನು ನಾನು ಅವರಿಬ್ಬರಿಗೂ ಹೇಳಿರಲೇ ಇಲ್ಲ. ಮಗಳಿಗೆ ಏನು ಬರೆದರೂ 'ಅಮ್ಮ' ಎಂದೇ ಹೋಗುತ್ತದೆ ಎಂದುಕೊಂಡಿದ್ದರು ಅಕ್ಕ. ಅಕ್ಕ ಎಂದೂ ಹೊಸದಾಗಿ ಬರೆದವರಲ್ಲ, ಗಿರಾಕಿಯೇ ಆಗಲಿ ಮಗಳೇ ಆಗಲಿ, ಬಂದದ್ದಕ್ಕೆ ಉತ್ತರ ಕೊಡುವುದಷ್ಟೇ. ಮತ್ಯಾಕೆ ಹೇಳುವುದು ಎಂದು ಸುಮ್ಮನಿದ್ದೆ. ಹಾಳು ಸೋಮಾರಿತನ ನನ್ನದು.

ಈ ವರ್ಷ ಅಕ್ಕನ ಹೊಟ್ಟೆನೋವು ಹೊಟ್ಟೆನೋವಾಗಿ ಉಳಿಯಲಿಲ್ಲ. ಆಸ್ಪತ್ರೆ ಸೇರಿದ ಎರಡನೆಯ ದಿನವೇ ಡಾಕ್ಟರು ಮಾವನನ್ನು ಹೊರಗೆ ಕರೆದು ಮಾತಾಡಿದರು. ಅಕ್ಕನಿಗೆ ಹೇಳದೆಯೇ ಅರ್ಥವಾಯಿತು.

"ಅವಳಿಗೆ ಬರೀರಿ. ಬಾ ಅಂತ ಬರೀರಿ" ಎಂದು ಗಂಡನಿಗೆ ಹೇಳಿದರು.

ಮಗಳ ವಿಳಾಸವನ್ನು ಅಕ್ಕ ಮಲಗಿದಲ್ಲೇ ಒಂದೊಂದೇ ಅಕ್ಷರವಾಗಿ ಹೇಳಿದರು. ಮಾವ ಕೊಟ್ಟ ಮಾತು ತಪ್ಪುವವರಲ್ಲವಲ್ಲ, ಫೋಲ್ಡರು ತೆರೆಯಲಿಲ್ಲ. ಹೊಸ ಕಾಗದ ಶುರುಮಾಡಿ, ಅಮ್ಮನಿಗೆ ಬಹಳ ಹುಷಾರಿಲ್ಲ, ಬೇಗ ಬಾ ಎಂದು ಬರೆದು, ಆಸ್ಪತ್ರೆಯ ಹೆಸರು, ವಾರ್ಡು, ಮಂಚದ ನಂಬರು ಎಲ್ಲ ಹಾಕಿ ಕಳಿಸಿದರು.

ಅಕ್ಕ ನಾಲ್ಕು ದಿನ ವಾರ್ಡಿನ ಬಾಗಿಲನ್ನೇ ನೋಡಿದರು. ನಾನು ಹೋದಾಗಲೂ ನನ್ನ ಹಿಂದೆ ಯಾರಾದರೂ ಬಂದರಾ ಎಂದು ಇಣುಕಿದರು. "ದೂರ ಅಲ್ವಾ, ರಜ ಸಿಗಬೇಕಲ್ಲ ಪಾಪ" ಎಂದು ತಾವೇ ಮಗಳ ಪರ ವಹಿಸಿಕೊಂಡರು. ಐದನೆಯ ದಿನ ಬೆಳಿಗ್ಗೆ ತೀರಿಕೊಂಡರು.

"ಸಿಟ್ಟು ನನ್ನ ಮೇಲಿತ್ತು. ಹೆತ್ತವಳು ಏನು ಮಾಡಿದ್ಲು?" ಎಂದು ಮಾವ ಗೋಡೆಗೆ ತಲೆಯಾನಿಸಿ ಅತ್ತರು. ನಾನೂ ಆ ಹುಡುಗಿಯನ್ನು ಬಾಯಿಗೆ ಬಂದಂತೆ ಬೈದೆ. ಈಗ ನೆನೆದರೆ ನಾಲಿಗೆ ಕಿತ್ತುಕೊಳ್ಳೋಣ ಎನಿಸುತ್ತದೆ.

ಹತ್ತು ದಿನ ಕಳೆದ ಮೇಲೆ ಮಾವ ಫೋನು ಹಿಡಿದು ನನ್ನ ಅಂಗಡಿಗೆ ಬಂದರು. ಫೋಲ್ಡರಿನ ಮೇಲೆ ಒಂದು ಎಂದಿತ್ತು. "ನೀನೇ ನೋಡಮ್ಮ. ನಾನು ನೋಡಲ್ಲ ಅಂದಿದ್ದೀನಿ."

ಗಟ್ಟಿಯಾಗಿ ಓದಿದೆ. "ಅಮ್ಮಾ, ಹೋದ ಸಲ ಬರೆದಿದ್ದಕ್ಕೆ ಯಾಕೆ ಉತ್ತರಾನೇ ಇಲ್ಲ? ಕೋಪಾನಾ? ನಂಗೆ ಇಲ್ಲಿ ನಲವತ್ತು ಮಷೀನಿನ ಉಸ್ತುವಾರಿ ಕೊಟ್ಟಿದಾರೆ. ರಿಪೇರಿ ಎಲ್ಲ ನಂದೇ. ಸ್ಕ್ರೂಡ್ರೈವರ್ ಹಿಡಿದಾಗೆಲ್ಲ ಅಪ್ಪನ ಕೈ ನೆನಪಾಗತ್ತೆ, ಅವರಿಗೆ ಮಾತ್ರ ಹೇಳ್ಬೇಡ. ಮುಂದಿನ ತಿಂಗಳು ಬರ್ತೀನಿ ಕಣೇ."

ಅಕ್ಕ ಹೋದದ್ದು ಅವಳಿಗೆ ಗೊತ್ತೇ ಇಲ್ಲ. ಮಾವ ಆಸ್ಪತ್ರೆಯಿಂದ ಕಳಿಸಿದ ಕಾಗದ ತೆರೆದೆ. ಮೇಲಿನ ಸಾಲಿನಲ್ಲಿ ಇದ್ದದ್ದು ಅವರ ಸ್ವಂತ ಹೆಸರು.

ಮಾವ ಫೋನಿಗೆ ಕೈ ಚಾಚಿದರು. "ಕೊಡು, ನಾನೇ ಬರೀತೀನಿ. ಆದ್ರೆ ಅವಳ ಹೆಸರಲ್ಲಿ ಬೇಡ. ಸತ್ತವಳ ಹೆಸರಲ್ಲಿ ಹ್ಯಾಗೆ ಬರೀಲಿ? ನನ್ನ ಹೆಸರಲ್ಲೇ ಹೋಗ್ಲಿ."

ಹೇಳದೆ ವಿಧಿಯಿರಲಿಲ್ಲ. "ನಿಮ್ಮ ಹೆಸರಲ್ಲಿ ಹೋದ್ರೆ ಅವಳಿಗೆ ಕಾಣೋದೇ ಇಲ್ಲ ಮಾವ. ಹಾಗೆ ಮಾಡಿಟ್ಟಿದಾಳೆ. ಆವತ್ತು ಬರೆದದ್ದೂ ಹಾಗೇ ಹೋಯ್ತು. ತಪ್ಪು ನಂದು, ನಿಮಗೆ ಹೇಳ್ಕೊಡಲಿಲ್ಲ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಸ್ಟೂಲಿನ ಮೇಲೆ ಕೂತು, ಮಗಳ ಕಾಗದಕ್ಕೇ ಉತ್ತರ ಬರೆಯತೊಡಗಿದರು. ಒಂದೇ ಬೆರಳು, ಅಕ್ಷರಕ್ಕೊಂದು ಸಲ ನಿಲ್ಲುತ್ತಿತ್ತು. ಅಮ್ಮನ ಉತ್ತರಕ್ಕೆ ಕಾದು ಕೂತವಳು ಅದನ್ನು ಎಷ್ಟು ಖುಷಿಯಿಂದ ತೆರೆಯುತ್ತಾಳೋ!

ಬರೆದು ಫೋನನ್ನು ನನ್ನ ಕೈಗೆ ಕೊಟ್ಟರು. "ಸರಿಯಾಗಿ ಹೋಗತ್ತಾ ನೋಡು."

ಕಳಿಸುವವರು ಎಂಬಲ್ಲಿ 'ಅಮ್ಮ' ಎಂದಿತ್ತು. ಕೆಳಗೆ ಮೊದಲ ಸಾಲು: "ಮಗಳೇ, ಇದು ಅಮ್ಮ ಅಲ್ಲ."