ಹಳ್ಳದ ಕಡೆಯಿಂದ ಬಂದ ಕ್ಯಾಕರಿಕೆ

ದೆವ್ವ, ಗಾಳಿ, ಮೈಮೇಲೆ ಬರುವುದು ಇವೆಲ್ಲ ನನಗೆ ನಗಿಸುವ ಸರಕೇ ಹೊರತು ನಂಬುವ ವಿಷಯಗಳಾಗಿರಲಿಲ್ಲ. ಗಣಪತಿ ಪೆಂಡಾಲಿನಲ್ಲಿ ಮಿಮಿಕ್ರಿ ಮಾಡುವವನು ನಾನು. ಮೈಮೇಲೆ ದೇವರು ಬಂದ ನಮ್ಮ ಸೋದರತ್ತೆಯನ್ನು ಅವರೆದುರೇ ಮಾಡಿ ತೋರಿಸಿ ಪೊರಕೆಯೇಟು ತಿಂದಿದ್ದೇನೆ. ನನ್ನ ಸ್ವಂತ ದನಿ ಮಾತ್ರ ಯಾರಿಗೂ ಬೇಡ. ಒಡೆದ ತಗಡು ಬಡಿದ ಹಾಗಿದೆ ಎಂದು ನಮ್ಮಮ್ಮನೇ ಹೇಳುತ್ತಾಳೆ. ಇಂಥವನು ಹೇಳುವುದನ್ನು ನಂಬಿ ಎಂದು ಕೇಳಿಕೊಳ್ಳಲು ನನಗೇ ನಾಚಿಕೆ. ಆದರೂ ಹೇಳುತ್ತೇನೆ. ಊಟ ಮಾಡುತ್ತಾ ಓದುತ್ತಿದ್ದರೆ ದಯವಿಟ್ಟು ತಟ್ಟೆ ಪಕ್ಕಕ್ಕಿಡಿ.

ಹಾಸನದಲ್ಲಿ ನಮ್ಮ ಬಡಾವಣೆಯ ಅಂಚಿಗೆ ಒಂದು ಪಾರ್ಕಿದೆ. ಪಾರ್ಕು ಎಂದರೆ ಒಂದೆರಡು ಸಿಮೆಂಟು ಬೆಂಚು, ಒಂದು ಮುರಿದ ಜಾರುಬಂಡೆ, ಒಂದು ಹೊಂಗೆ ಮರ. ಪಕ್ಕದಲ್ಲೇ, ರಸ್ತೆಯ ಮೋರಿಯಡಿ ಹಾದುಬರುವ ಹಳ್ಳ. ನಾನು ಸಣ್ಣವನಿದ್ದಾಗ ಅದರಲ್ಲಿ ಮೀನು ಹಿಡಿದದ್ದುಂಟು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬೀದಿಬೀದಿಯ ಕಕ್ಕಸಿನ ನೀರೆಲ್ಲ ಸೇರಿ ಮೇಲೆ ಬೂದುಬಣ್ಣದ ಕೆನೆ ಕಟ್ಟಿತ್ತು. ಆಚೆ ದಡದಲ್ಲಿ ಕೋಳಿ ಅಂಗಡಿಯವರು ಕರುಳು, ಪುಕ್ಕ, ತಲೆಗಳನ್ನು ತಂದು ಸುರಿಯುತ್ತಿದ್ದರು. ಬಿಸಿಲೇರಿದರೆ ಆ ನಾತ ನಾಲಿಗೆಗೇ ಬಂದು ಅಂಟುತ್ತಿತ್ತು. ಉಗಿದರೂ ಹೋಗುತ್ತಿರಲಿಲ್ಲ.

ಅಂಥ ಪಾರ್ಕಿಗೂ ಸಂಜೆ ತಪ್ಪದೆ ಬರುತ್ತಿದ್ದವರು ನನ್ನ ಗೆಳೆಯ ಕುಮಾರನ ಅಪ್ಪ ನಂಜಪ್ಪಣ್ಣ. ಮರ ಕುಯ್ಯುವ ಮಿಲ್ಲಿನಲ್ಲಿ ಕೆಲಸ. ಮರದ ಹೊಟ್ಟು, ಬೀಡಿ, ಹೊಗೆಸೊಪ್ಪಿನ ಕಡ್ಡಿಪುಡಿ ಎಲ್ಲ ಸೇರಿ ಅವರ ಗಂಟಲಲ್ಲಿ ಸಂಸಾರ ಹೂಡಿದ್ದವು. ಹಳ್ಳದ ಅಂಚಿಗೆ ನಿಂತು ಅವರು ಕ್ಯಾಕರಿಸಿದರೆ ಇಡೀ ಬೀದಿಗೆ ಕೇಳುತ್ತಿತ್ತು. ಮೊದಲು ಪಾತಾಳದಿಂದ ಎಳೆಯುವುದು, ಆಮೇಲೆ ಬಾಯಲ್ಲಿ ಹೊರಳಿಸಿ ತೂಕ ನೋಡುವುದು, ಕೊನೆಗೆ ಥೂ ಎಂದು ಎಸೆಯುವುದು. ಅದನ್ನು ಮಾಡಿ ತೋರಿಸುವುದೇ ನನ್ನ ಹೆಸರುವಾಸಿ ಐಟಂ. ಒಂದು ದಿನ ಅವರೇ ನಿಂತು ಕೇಳಿ, "ಲೇ, ಇನ್ನೂ ಒಸಿ ಒಳಗಿಂದ ಎಳೀಬೇಕು ಕಣ್ಲಾ" ಎಂದು ತಿದ್ದಿದ್ದರು.

ಆಮೇಲೆ ಅವರ ಕಿಡ್ನಿ ಕೆಟ್ಟಿತು. ಡಾಕ್ಟರು ಉಪ್ಪು, ಮಾಂಸ ಎರಡನ್ನೂ ಬಿಡಿಸಿದರು. ಹೆಂಡತಿ ಜಯಕ್ಕ ತಿಂಗಳುಗಟ್ಟಲೆ ಸಪ್ಪೆ ಗಂಜಿ ಕುಡಿಸಿ ನೋಡಿಕೊಂಡರು. ಆದರೂ ನಂಜಪ್ಪಣ್ಣ ಉಳಿಯಲಿಲ್ಲ.

ತಿಥಿಯ ದಿನ ಸತ್ತವರಿಗೆ ಎಡೆ ಇಡಬೇಕು, ಅದನ್ನು ಕಾಗೆ ಬಂದು ಮುಟ್ಟಬೇಕು, ಆಮೇಲೆಯೇ ನೆಂಟರ ಊಟ. ಬಾಡಿಗೆ ಮನೆಯ ಓನರು ತಾರಸಿಯ ಮೇಲೆ ಸಾವಿನ ಎಡೆ ಕೂಡದು ಎಂದುಬಿಟ್ಟರು. ಹಾಗಾಗಿ ಮಧ್ಯಾಹ್ನ ಪಾರ್ಕಿನ ಹೊಂಗೆ ಮರದಡಿ ಬಾಳೆಎಲೆ ಹಾಸಿ ಮುದ್ದೆ, ಕೋಳಿಸಾರು, ವಡೆ, ಜೊತೆಗೆ ಬೀಡಿ, ಕಡ್ಡಿಪುಡಿ ಎಲ್ಲ ಇಟ್ಟರು. ನಾವು ದೂರ ಸರಿದು ಕಾದೆವು. ಕಾಗೆ ಬರಲಿಲ್ಲ. ಇರಲಿಲ್ಲ ಎಂದಲ್ಲ, ಆಚೆ ದಡದಲ್ಲಿ ಕಪ್ಪಗೆ ಮುತ್ತಿಕೊಂಡಿದ್ದವು. ಅಷ್ಟು ಕೋಳಿಕರುಳು ಬಿದ್ದಿರುವಾಗ ಜಯಕ್ಕನ ವಡೆ ಯಾರಿಗೆ ಬೇಕು?

ನಂಜಪ್ಪಣ್ಣನ ತಂಗಿ ಪುಟ್ಟಮ್ಮ ಶುರುಮಾಡಿದರು. "ನಮ್ಮಣ್ಣ ಉಪ್ಪು ಕಾಣ್ದೆ ಸತ್ತ. ಬರೀ ಗಂಜಿ ಉಯ್ದವ್ಳೆ ಇವ್ಳು. ಅವ್ನ್ಯಾಕೆ ಬಂದಾನು?"

ಜಯಕ್ಕ ಸೆರಗು ಬಾಯಿಗೊತ್ತಿ ನಿಂತಿದ್ದರು. ದಂಡಿಗನಹಳ್ಳಿ ಕಡೆಯಿಂದ ಬಂದಿದ್ದ ಕುಮಾರನ ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಏ ಮಿಮಿಕ್ರಿ, ಕಾಗೆ ಕೂಗಾಕೆ ಬತ್ತದೇನ್ಲಾ?"

"ಬತ್ತದೆ ದೊಡ್ಡಪ್ಪ."

"ಕೂಗು ಮತ್ತೆ. ನಂಗೂ ಹೊಟ್ಟೆ ಹಸ್ದದೆ."

ಕೂಗಿದೆ. ಹಸಿದ ಕಾಗೆ, ಮರಿಕಾಗೆ, ಬಳಗ ಕರೆಯುವ ಕಾಗೆ, ಗೊತ್ತಿದ್ದದ್ದನ್ನೆಲ್ಲ ಕೂಗಿದೆ. ಒಂದು ಕಾಗೆ ಕೊಕ್ಕಿನಲ್ಲಿ ಕರುಳು ಜೋತುಬಿದ್ದಿರುವಂತೆಯೇ ಕತ್ತು ತಿರುಗಿಸಿ ನೋಡಿತು. ಶ್ರುತಿ ತಪ್ಪಿದ ಹುಡುಗನನ್ನು ಸಂಗೀತದ ಮೇಷ್ಟ್ರು ನೋಡುವ ಹಾಗೆ. ಮತ್ತೆ ಕೆಲಸಕ್ಕೆ ಹೋಯಿತು.

"ನೋಡುದ್ರಾ? ಈ ಮನೆ ಅನ್ನ ನಂಗೂ ಬ್ಯಾಡ" ಎಂದು ಪುಟ್ಟಮ್ಮ ಚೀಲ ಎತ್ತಿಕೊಂಡರು. ಅವರು ಉಣ್ಣದೆ ಹೋದರೆ ಹಿಂದೆಯೇ ಉಳಿದ ನೆಂಟರೂ ಏಳುತ್ತಾರೆ; ಗಂಡನನ್ನು ಉಪವಾಸ ಕೆಡವಿ ಕೊಂದವಳು ಎಂಬ ಮಾತು ಜಯಕ್ಕನಿಗೆ ಸಾಯುವವರೆಗೂ ಅಂಟುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಜಯಕ್ಕ ಎಲೆಯ ಮುಂದೆ ಹೋಗಿ ನಿಂತರು. "ಡಾಕ್ಟ್ರು ಯೋಳಿದ್ಕೆ ಕೊಡ್ನಿಲ್ಲ ಕಣ್ರೀ. ಉಳುಸ್ಕಳಾನ ಅಂತ ಆಸೆ ಇತ್ತು. ಒಂದ್ ತುತ್ತು ಮುಟ್ಟಿ."

ನಾತ ತಡೆಯದೆ ನಾನು ಕರ್ಚೀಫಿನಿಂದ ಮೂಗುಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಆಗ ಹಳ್ಳದ ಮೋರಿಯ ಕಡೆಯಿಂದ ಅದು ಕೇಳಿತು. ಪಾತಾಳದಿಂದ ಎಳೆದದ್ದು. ಬಾಯಲ್ಲಿ ಹೊರಳಿಸಿದ್ದು. ಥೂ. ನನ್ನ ಮಣಿಕಟ್ಟಿನ ಮೇಲೆ ಏನೋ ಬಿತ್ತು. ಬೆಚ್ಚಗಿತ್ತು, ಗಟ್ಟಿಯಾಗಿತ್ತು, ಹಳದಿಯಲ್ಲಿ ಕಂದು ಎಳೆ. ಕಡ್ಡಿಪುಡಿಯ ಘಾಟು ಹೊಡೆಯಿತು. ಮರದ ಹಿಂದೆ ಓಡಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದೆ.

ತಲೆ ಎತ್ತುವಷ್ಟರಲ್ಲಿ ಕಾಗೆಗಳು ಕರುಳು ಬಿಟ್ಟು ಒಟ್ಟಿಗೇ ಈಚೆ ದಡಕ್ಕೆ ಬಂದಿದ್ದವು. ಹಳ್ಳದ ಕೆಸರು ಮೆತ್ತಿದ ಕಾಲಲ್ಲೇ ಎಲೆಯ ಮೇಲೆ ಓಡಾಡಿ, ಮುದ್ದೆ ಕಿತ್ತು, ಸಾರು ಚೆಲ್ಲಿ ತಿನ್ನುತ್ತಿದ್ದವು. ಅಷ್ಟು ಹೊಲಸು ಊಟವನ್ನು ನಾನು ಕಂಡಿಲ್ಲ. ಅದನ್ನು ನೋಡಿ ಜಯಕ್ಕ ಕೈಮುಗಿದು ಅಳುತ್ತಿದ್ದರು. ಪುಟ್ಟಮ್ಮ ಚೀಲ ಕೆಳಗಿಟ್ಟರು.

ದೊಡ್ಡಪ್ಪ ನನ್ನ ಬೆನ್ನಿಗೆ ಗುದ್ದಿದರು. "ಬಡ್ಡೀಮಗ್ನೆ, ನಮ್ ತಮ್ಮನ್ನೇ ತಂದು ನಿಲ್ಲುಸ್ಬುಟ್ಟೆ ಕಣ್ಲಾ!"

"ನಾನಲ್ಲ ದೊಡ್ಡಪ್ಪ."

"ಆಯ್ತು ಬುಡ್ಲಾ. ಬಟ್ಟೆ ಮುಚ್ಕಂಡು ಮಾಡುದ್ರೆ ಗೊತ್ತಾಗಾಕಿಲ್ವಾ?"

ಮಿಮಿಕ್ರಿಯವನು ನಾನಲ್ಲ ಎಂದರೆ ಯಾರು ನಂಬುತ್ತಾರೆ? ಕುಮಾರನೂ ನಂಬಲಿಲ್ಲ. ಊಟ ಮುಗಿದ ಮೇಲೆ ಅವನನ್ನು ಎಳೆದುಕೊಂಡು ಹೋಗಿ ಮೋರಿಯೊಳಗೆ ಇಣುಕಿದೆ. ಹೂಳಿನ ಮೇಲಿನ ಕೆನೆ ಎಲ್ಲೂ ಒಡೆದಿರಲಿಲ್ಲ. ಉಬ್ಬಿದ ಒಂದು ನಾಯಿಮರಿಯ ಹೆಣ, ನೊಣ. ಒಳಗೆ ಇಳಿದು ಕೂತು ಆಟ ಕಟ್ಟುವಂಥ ಮನುಷ್ಯ ನಮ್ಮ ಬಡಾವಣೆಯಲ್ಲಿ ನಾನೊಬ್ಬನೇ, ನಾನು ಮೇಲಿದ್ದೆ. ಮಣಿಕಟ್ಟಿನ ಮೇಲೆ ಬಿದ್ದದ್ದು ಎಲ್ಲಿಂದ ಬಂತು, ಕಾಗೆಗಳು ಅದೇ ಗಳಿಗೆಗೆ ಯಾಕೆ ಎದ್ದವು, ಇವತ್ತಿಗೂ ನನಗೆ ಗೊತ್ತಿಲ್ಲ. ಸೋಪು ಹಾಕಿ, ಬೂದಿ ಹಾಕಿ ತಿಕ್ಕಿದರೂ ಆ ಘಾಟು ಎಷ್ಟೋ ದಿನ ಕೈ ಬಿಡಲಿಲ್ಲ. ಅನ್ನ ಕಲಸುವುದೂ ಕಷ್ಟವಾಗಿತ್ತು.

ಆರೇಳು ವರ್ಷವಾಯಿತು. ಪೆಂಡಾಲಿನಲ್ಲಿ ಆ ಐಟಂ ಮಾಡುವುದನ್ನು ಬಿಟ್ಟಿದ್ದೇನೆ. ಆದರೆ ಕುಮಾರನ ಮನೆಗೆ ಹೋದಾಗ, ಅವನು ಅತ್ತ ಹೋದ ಹೊತ್ತು ನೋಡಿ, ಜಯಕ್ಕ ಕಾಫಿ ಲೋಟ ಕೈಗಿಟ್ಟು ಮೆಲ್ಲಗೆ, "ಒಂದ್ಸಲ ಅವ್ರಂಗೆ ಮಾಡಪ್ಪ" ಎನ್ನುತ್ತಾರೆ. ಮಾಡುತ್ತೇನೆ. ಗಂಟಲು ಕಿತ್ತುಬರುವಂತೆ ಎಳೆಯುತ್ತೇನೆ, ನನಗೇ ವಾಕರಿಕೆ ಬರುತ್ತದೆ. ಜಯಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಾರೆ. ಆಮೇಲೆ ತಲೆಯಾಡಿಸುತ್ತಾರೆ.

"ಇದಲ್ಲ ಕಣಪ್ಪ. ಅವತ್ತು ಪಾರ್ಕಲ್ಲಿ ಮಾಡಿದ್ಯಲ್ಲಾ, ಅಂಗೆ."